ಹಂಚಿನ ಮಾಡನ್ನು ತೆರೆಯ ಮೇಲೆ ತಿರುಗಿಸುವುದು: ಕ್ಯೂಟಿಯ ಓಪನ್‌ಜಿಎಲ್ ವಿಜೆಟ್ ಬಳಸುವ ಬಗೆ

ಉಡುಪಿ ಕಡೆ ಮನೆ ಕಟ್ಟಿಸುವವರಿಗೆ, ಮಂಗಳೂರು ಹಂಚು ಹೊದಿಸಿದರೆ ಮಾಡು (ಛಾವಣಿ) ಹೇಗೆ ಕಾಣುತ್ತದೆ ಎಂದು ತೋರಿಸುವ ಸಣ್ಣ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯಬೇಕು ಎಂದಿಟ್ಟುಕೊಳ್ಳಿ. ಎಡಕ್ಕೆ ಅಳತೆ, ಇಳಿಜಾರು, ಬಣ್ಣ ಆರಿಸುವ ಬಟನ್‌ಗಳು. ಬಲಕ್ಕೆ ಮೌಸ್ ಹಿಡಿದು ತಿರುಗಿಸಬಹುದಾದ ಮಾಡು. 100 ಚದರಡಿಗೆ ಸುಮಾರು 150 ಹಂಚು ಎಂಬ ಲೆಕ್ಕದಲ್ಲಿ 2,000 ಚದರಡಿಗೆ 3,000 ಹಂಚು ಬೇಕು. ಹಂಚಿನ ಕಾಲುವೆ, ಅಂಚು ಸರಿಯಾಗಿ ಕಾಣಲು ಒಂದಕ್ಕೆ 800 ತ್ರಿಕೋನ ಇಟ್ಟರೂ ಒಟ್ಟು 24 ಲಕ್ಷ ತ್ರಿಕೋನ. ಇಷ್ಟನ್ನು ಸಿಪಿಯುವಿನಲ್ಲಿ ಬಿಡಿಸಲು ಹೊರಟರೆ ಮೌಸ್ ಒಂದು ಕಡೆ, ಮಾಡು ಒಂದು ಕಡೆ. ಚಿತ್ರ ಬಿಡಿಸಲೆಂದೇ ಇರುವ ಚಿಪ್ ಆದ ಜಿಪಿಯುವಿಗೆ ಇದು ದೊಡ್ಡ ಕೆಲಸವೇನಲ್ಲ.

ಕ್ಯೂಟಿ ಎಂದರೆ ವಿಂಡೋ, ಬಟನ್ ಇತ್ಯಾದಿ ಇರುವ ಪ್ರೋಗ್ರಾಂ ಬರೆಯಲು ಬಳಸುವ ಲೈಬ್ರರಿ; ಓಪನ್‌ಜಿಎಲ್ (ಚಿಕ್ಕದಾಗಿ ಜಿಎಲ್) ಎಂದರೆ ಜಿಪಿಯುವಿನಿಂದ ಚಿತ್ರ ಬಿಡಿಸಿಸುವ ಕರೆಗಳ ಗುಂಪು; ವಿಜೆಟ್ ಎಂದರೆ ವಿಂಡೋದ ಒಂದು ಭಾಗ. ಕ್ಯೂಟಿಯಲ್ಲಿ ಇದಕ್ಕಿರುವುದು ಕ್ಯೂಓಪನ್‌ಜಿಎಲ್‌ವಿಜೆಟ್. 2014ರಲ್ಲಿ ಕ್ಯೂಟಿ 5.4ರ ಜೊತೆ ಬಂತು. ಅಂತರ್ಜಾಲದ ಹಳೆಯ ಉದಾಹರಣೆಗಳಲ್ಲಿ ಸಿಗುವ ಕ್ಯೂಜಿಎಲ್‌ವಿಜೆಟ್ ಬೇರೆ. ಅದು ಕ್ಯೂಟಿ 6ರಲ್ಲಿ ಇಲ್ಲವೇ ಇಲ್ಲ, ಅದನ್ನು ನಕಲು ಮಾಡಿ ಸಮಯ ಹಾಳು ಮಾಡಿಕೊಳ್ಳಬೇಡಿ. ಇನ್ನೊಂದು ಮಾತು: ಕ್ಯೂಟಿ 6ರಲ್ಲಿ ಈ ವಿಜೆಟ್ ಓಪನ್‌ಜಿಎಲ್‌ವಿಜೆಟ್ಸ್ ಎಂಬ ಪ್ರತ್ಯೇಕ ಮಾಡ್ಯೂಲ್‌ನಲ್ಲಿದೆ. ಪ್ರೋಗ್ರಾಂ ಕಟ್ಟುವ ಸೂಚನೆಗಳಿರುವ ಸಿಮೇಕ್ ಫೈಲಿನಲ್ಲಿ ವಿಜೆಟ್ಸ್ ಜೊತೆಗೆ ಅದನ್ನೂ ಸೇರಿಸದಿದ್ದರೆ ಹೆಡರ್ ಸಿಗುತ್ತಿಲ್ಲ ಎಂದು ಕಂಪೈಲರ್ ಹಟ ಹಿಡಿಯುತ್ತದೆ.

ಮೊದಲು ಫಾರ್ಮ್ಯಾಟ್, ಅಂದರೆ ಯಾವ ಬಗೆಯ ಓಪನ್‌ಜಿಎಲ್ ಬೇಕು ಎಂಬ ಕೋರಿಕೆ. ಕ್ಯೂಸರ್ಫೇಸ್‌ಫಾರ್ಮ್ಯಾಟ್‌ನಲ್ಲಿ ಆವೃತ್ತಿ 3.3, ಕೋರ್ ಪ್ರೊಫೈಲ್ (ಹಳೆಯ ಕರೆಗಳನ್ನು ಬಿಟ್ಟ ಓಪನ್‌ಜಿಎಲ್), ಡೆಪ್ತ್ ಬಫರ್ (ಪ್ರತಿ ಚುಕ್ಕೆ ಎಷ್ಟು ದೂರ ಎಂಬ ದಾಖಲೆ) 24 ಬಿಟ್, ಸ್ಯಾಂಪಲ್ (ಅಂಚು ನಯವಾಗಲು ಚುಕ್ಕೆಯೊಂದಕ್ಕೆ ತೆಗೆಯುವ ಮಾದರಿಗಳು) 4 ಎಂದು ಕೇಳಿ, ಸೆಟ್‌ಡಿಫಾಲ್ಟ್‌ಫಾರ್ಮ್ಯಾಟ್ ಮೂಲಕ ಇಡಿ. ಈ ಸಾಲುಗಳು ಮೇನ್ ಫಂಕ್ಷನ್‌ನಲ್ಲಿ ಕ್ಯೂಅಪ್ಲಿಕೇಶನ್ ಹುಟ್ಟುವ ಮುಂಚೆಯೇ ಇರಲಿ. ಮ್ಯಾಕ್‌ನಲ್ಲಿ ಕೋರ್ ಪ್ರೊಫೈಲ್ ಬೇಕಿದ್ದರೆ ಇದು ಕಡ್ಡಾಯ, ಉಳಿದ ಕಡೆಗೂ ಒಳ್ಳೆಯ ರೂಢಿ. 3.3 ಯಾಕೆಂದರೆ, ಮುಂದೆ ಹೇಳುವ, ಒಂದೇ ಆಕಾರವನ್ನು ಒಂದೇ ಕರೆಯಲ್ಲಿ ಹಲವು ಸಲ ಬಿಡಿಸುವ ಇನ್‌ಸ್ಟೆನ್ಸಿಂಗ್‌ಗೆ ಬೇಕಾದ ಡಿವೈಸರ್ ಆ ಆವೃತ್ತಿಯಿಂದ ಓಪನ್‌ಜಿಎಲ್‌ನ ಮೂಲಭಾಗವಾಗಿದೆ.

ಆಮೇಲೆ ವಿಜೆಟ್‌ನಿಂದ ನಿಮ್ಮ ಕ್ಲಾಸ್ ಮಾಡಿ, ಮೂರು ಫಂಕ್ಷನ್ ಬರೆಯಿರಿ. ಇನಿಷಿಯಲೈಜ್‌ಜಿಎಲ್‌ನಲ್ಲಿ ಮೊದಲು ಇನಿಷಿಯಲೈಜ್‌ಓಪನ್‌ಜಿಎಲ್‌ಫಂಕ್ಷನ್ಸ್ ಕರೆಯಿರಿ. ಮರೆತರೆ ಮುಂದಿನ ಮೊದಲ ಜಿಎಲ್ ಕರೆಗೇ ಪ್ರೋಗ್ರಾಂ ಬೀಳುತ್ತದೆ. ಶೇಡರ್ (ಜಿಪಿಯುವಿನಲ್ಲಿ ಓಡುವ ಸಣ್ಣ ಪ್ರೋಗ್ರಾಂ), ಬಫರ್ (ಜಿಪಿಯುವಿಗೆ ಕೊಡುವ ಮಾಹಿತಿ ಇಡುವ ಜಾಗ), ಟೆಕ್ಸ್‌ಚರ್ ಎಲ್ಲ ಹುಟ್ಟುವುದು ಇಲ್ಲೇ. ರಿಸೈಜ್‌ಜಿಎಲ್‌ನಲ್ಲಿ ಮಾಡನ್ನು ಚಪ್ಪಟೆ ತೆರೆಗೆ ಇಳಿಸುವ ಪ್ರೊಜೆಕ್ಷನ್ ಮ್ಯಾಟ್ರಿಕ್ಸ್ ಲೆಕ್ಕ ಹಾಕಿ, ಅಷ್ಟೇ ಸಾಕು. ಪೇಂಟ್‌ಜಿಎಲ್‌ನಲ್ಲಿ ಬಣ್ಣ ಮತ್ತು ಡೆಪ್ತ್ ಅಳಿಸಿ, ಮಾಡು ಬಿಡಿಸಿ.

ಹಂಚುಗಳನ್ನು ಒಂದೊಂದಾಗಿ 3,000 ಸಲ ಡ್ರಾ ಕರೆದು ಬಿಡಿಸಬೇಡಿ. ಆಗ ಕಷ್ಟಪಡುವುದು ಜಿಪಿಯು ಅಲ್ಲ, ಕರೆ ಕಳಿಸುವ ಸಿಪಿಯು. ಒಂದೇ ಹಂಚಿನ ಆಕಾರವನ್ನು ಒಂದು ಬಫರ್‌ನಲ್ಲಿಡಿ. ಇನ್ನೊಂದು ಬಫರ್‌ನಲ್ಲಿ ಹಂಚಿಗೊಂದರಂತೆ ಜಾಗ 12 ಬೈಟ್, ಬಣ್ಣ 4 ಬೈಟ್. ಒಟ್ಟು 48,000 ಬೈಟ್ ಅಷ್ಟೇ. ಈ ಎರಡನೆಯ ಬಫರ್‌ನ ಆಟ್ರಿಬ್ಯೂಟ್‌ಗಳಿಗೆ ಡಿವೈಸರ್ 1 (ಮೂಲೆಗೊಂದಲ್ಲ, ಹಂಚಿಗೊಂದು ಬೆಲೆ) ಎಂದು ಕೊಟ್ಟು, ಇನ್‌ಸ್ಟೆನ್ಸ್ಡ್ ಡ್ರಾ ಒಂದೇ ಸಲ ಕರೆಯಿರಿ. ಡಿವೈಸರ್ 0 ಉಳಿದರೆ ಒಂದೇ ಹಂಚಿನ ಮೂಲೆಮೂಲೆಗೂ ಬೇರೆಬೇರೆ ಜಾಗ ಸಿಕ್ಕಿ, ಗಾಳಿಮಳೆಗೆ ಹಾರಿಹೋದ ಮಾಡಿನಂತೆ ಚೂರುಗಳು ಕಾಣುತ್ತವೆ. ಆ ಚಿತ್ರ ಕಂಡ ಕೂಡಲೇ ಬೇರೇನೂ ಹುಡುಕದೆ ಡಿವೈಸರ್ ನೋಡಿ.

ಹಂಚಿನ ಅಳತೆಯನ್ನೂ ಸರಿಯಾಗಿ ಹಾಕಿ. 410 x 235 ಮಿ.ಮೀ. ಹಂಚು ಒಂದರ ಮೇಲೊಂದು ಏರಿ ಕೂರುವುದರಿಂದ ರೀಪಿನಿಂದ ರೀಪಿಗೆ ಅಂತರ ಸುಮಾರು 320 ಮಿ.ಮೀ. ಮಾತ್ರ. ಈ ಏರಿಕೆಯ ಜಾಗದಲ್ಲೇ ಒಂದು ತೊಂದರೆ: ಎರಡು ಹಂಚಿನ ಮೈ ತೀರಾ ಹತ್ತಿರ ಇರುವುದರಿಂದ ಮಾಡು ತಿರುಗಿಸುವಾಗ ಅಲ್ಲಿ ಪಟ್ಟೆಪಟ್ಟೆಯಾಗಿ ಮಿನುಗುತ್ತದೆ. ಡೆಪ್ತ್ 24 ಬಿಟ್ ಇದ್ದರೂ, ಪ್ರೊಜೆಕ್ಷನ್‌ನಲ್ಲಿ ಹತ್ತಿರದ ಮಿತಿಯನ್ನು 0.001 ಮೀಟರ್ ಎಂದು ಇಟ್ಟರೆ ನಿಖರತೆಯೆಲ್ಲ ಕ್ಯಾಮೆರಾದ ಮೂಗಿನ ತುದಿಯಲ್ಲೇ ಖರ್ಚಾಗುತ್ತದೆ. ಹತ್ತಿರ 0.5, ದೂರ 60 ಮೀಟರ್ ಇಡಿ, ಮಿನುಗು ಹೋಗುತ್ತದೆ.

ಈಗ ಈ ವಿಜೆಟ್‌ನ ಒಳಗುಟ್ಟು. ನೀವು ಬಿಡಿಸಿದ್ದು ನೇರ ತೆರೆಗೆ ಹೋಗುವುದಿಲ್ಲ. ವಿಜೆಟ್ ತನ್ನದೇ ಒಂದು ಫ್ರೇಮ್‌ಬಫರ್ ಇಟ್ಟುಕೊಂಡಿರುತ್ತದೆ. ನಿಮ್ಮ ಚಿತ್ರ ಅದರಲ್ಲಿ ಮೂಡಿ, ಆಮೇಲೆ ವಿಂಡೋದ ಉಳಿದ ಬಟನ್, ಪೆಟ್ಟಿಗೆಗಳ ಜೊತೆ ಸೇರಿ ತೆರೆಗೆ ಬರುತ್ತದೆ. ಮಾಡಿನ ಮೇಲೆ ಒಂದು ಲೇಬಲ್ ಸಲೀಸಾಗಿ ತೇಲಿಸಬಹುದಾದದ್ದು ಇದರಿಂದಲೇ. ತಲೆನೋವುಗಳಲ್ಲಿ ಹೆಚ್ಚಿನವೂ ಇದರಿಂದಲೇ.

ಒಂದನೆಯದು ಕಪ್ಪು ತೆರೆ. ನೆರಳು ಬಿಡಿಸಲು ನೀವು ಬೇರೆ ಫ್ರೇಮ್‌ಬಫರ್ ಬಳಸಿ, ಮುಗಿದ ಮೇಲೆ ಪಠ್ಯಪುಸ್ತಕದಲ್ಲಿ ಇರುವಂತೆ 0ಗೆ ವಾಪಸ್ ಬೈಂಡ್ ಮಾಡಿದರೆ, ಆಮೇಲೆ ಬಿಡಿಸಿದ್ದೆಲ್ಲ ವಿಜೆಟ್‌ಗೆ ಸೇರುವುದಿಲ್ಲ. ಇಲ್ಲಿ ವಾಪಸ್ ಬರಬೇಕಾದ್ದು ಡಿಫಾಲ್ಟ್‌ಫ್ರೇಮ್‌ಬಫರ್‌ಆಬ್ಜೆಕ್ಟ್ ಕೊಡುವ ಸಂಖ್ಯೆಗೆ. ಚಿತ್ರ ಮೂಡುವ ಆಯತವಾದ ವ್ಯೂಪೋರ್ಟ್ ಅನ್ನೂ ಮೊದಲಿನಂತೆ ಇಡಬೇಕು, ಅಗಲ ಎತ್ತರಗಳನ್ನು ಡಿವೈಸ್‌ಪಿಕ್ಸೆಲ್‌ರೇಶಿಯೋದಿಂದ ಗುಣಿಸಿ. ಸ್ಕೇಲಿಂಗ್ 200 ಶೇಕಡಾ ಇರುವ ಲ್ಯಾಪ್‌ಟಾಪಿನಲ್ಲಿ ಗುಣಿಸಲು ಮರೆತರೆ ಇಡೀ ಮಾಡು ಎಡಗಡೆ ಕೆಳಮೂಲೆಯ ಕಾಲುಭಾಗಕ್ಕೆ ಕುಗ್ಗಿ ಕೂರುತ್ತದೆ.

ಎರಡನೆಯದು ಗಾಜಿನ ಹಂಚು. ನಮ್ಮ ಕಡೆ ಅಡುಗೆಮನೆಗೆ ಬೆಳಕು ಬರಲೆಂದು ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಇಡುವುದುಂಟು. ಮಣ್ಣಿನ ಹಂಚುಗಳನ್ನೆಲ್ಲ ಮೊದಲು ಬಿಡಿಸಿ, ಡೆಪ್ತ್ ಬರವಣಿಗೆ ನಿಲ್ಲಿಸಿ, ಕೊನೆಗೆ ಗಾಜನ್ನು ಹಿಂದಿನ ಬಣ್ಣದ ಜೊತೆ ಬೆರೆಸುವ ಬ್ಲೆಂಡಿಂಗ್‌ನಲ್ಲಿ ಬಿಡಿಸಿ. ಬಿಡಿಸಿದ ಮೇಲೆ ಡೆಪ್ತ್ ಬರವಣಿಗೆಯನ್ನು ತಪ್ಪದೆ ಮತ್ತೆ ಆನ್ ಮಾಡಿ. ಇಲ್ಲದಿದ್ದರೆ ಮುಂದಿನ ಫ್ರೇಮ್‌ನಲ್ಲಿ ಡೆಪ್ತ್ ಅಳಿಸುವ ಕರೆಯೂ ಕೆಲಸ ಮಾಡುವುದಿಲ್ಲ. ಇಷ್ಟನ್ನು ಸರಿಯಾಗಿ ಮಾಡಿದರೆ ತೆರೆಯ ಮೇಲೆ ಎಲ್ಲ ಚೆನ್ನಾಗಿರುತ್ತದೆ. ಗಿರಾಕಿಗೆ ಕಳಿಸಲು ಗ್ರ್ಯಾಬ್‌ಫ್ರೇಮ್‌ಬಫರ್ ಕರೆದು ಪಿಎನ್‌ಜಿ ಉಳಿಸಿದರೆ ಮಾತ್ರ, ಫಾರ್ಮ್ಯಾಟ್‌ನಲ್ಲಿ ಆಲ್ಫಾ (ಬಣ್ಣ ಎಷ್ಟು ಗಟ್ಟಿ, ಎಷ್ಟು ಪಾರದರ್ಶಕ ಎಂಬ ಸಂಖ್ಯೆ) ಕೇಳಿದ್ದ ಪಕ್ಷದಲ್ಲಿ, ಗಾಜಿನ ಜಾಗ ಅರೆಬರೆ ತೂತು. ಲೆಕ್ಕ ಹೀಗೆ: ಗಾಜಿನ ಆಲ್ಫಾ 0.3. ಸಾಮಾನ್ಯ ಬ್ಲೆಂಡ್ ಸೂತ್ರ ಆಲ್ಫಾಕ್ಕೂ ತಗಲುವುದರಿಂದ 0.3 x 0.3 ಮತ್ತು 1 x 0.7 ಸೇರಿ 0.79 ಉಳಿಯುತ್ತದೆ, 1 ಅಲ್ಲ. ಬ್ಲೆಂಡ್‌ಫಂಕ್‌ಸೆಪರೇಟ್ ಬಳಸಿ ಆಲ್ಫಾಕ್ಕೆ ಬೇರೆ ಸೂತ್ರ ಕೊಡಿ, ಮೂಲಕ್ಕೆ 1, ಗುರಿಗೆ 1 ಕಳೆ ಆಲ್ಫಾ. 0.3 ಮತ್ತು 0.7 ಸೇರಿ ಸರಿಯಾಗಿ 1.

ಮೂರನೆಯದು ಮೇಕ್‌ಕರೆಂಟ್. ಮೇಲಿನ ಮೂರು ಫಂಕ್ಷನ್‌ಗಳ ಒಳಗಿದ್ದಾಗ ಮಾತ್ರ ಕಾಂಟೆಕ್ಸ್ಟ್ (ಓಪನ್‌ಜಿಎಲ್ ತನ್ನ ಸ್ಥಿತಿ, ಬಫರ್‌ಗಳನ್ನೆಲ್ಲ ಇಟ್ಟುಕೊಳ್ಳುವ ನೆಲೆ) ನಿಮ್ಮ ಕೈಯಲ್ಲಿ ಇರುತ್ತದೆ. ಬಣ್ಣದ ಬಟನ್ ಒತ್ತಿದಾಗ ಓಡುವ ಫಂಕ್ಷನ್ ಆದ ಸ್ಲಾಟ್‌ನಿಂದಲೇ ಬಫರ್ ತಿದ್ದುವುದಿದ್ದರೆ ಮೊದಲು ಮೇಕ್‌ಕರೆಂಟ್, ಕೊನೆಗೆ ಡನ್‌ಕರೆಂಟ್. ನಮ್ಮ ಸಲಹೆ ಇದಕ್ಕಿಂತ ಸುಲಭ: ಸ್ಲಾಟ್‌ನಲ್ಲಿ ಬಣ್ಣ ಬದಲಾಗಿದೆ ಎಂಬ ಒಂದು ಗುರುತು ಹಾಕಿ ಅಪ್‌ಡೇಟ್ ಕರೆಯಿರಿ, ಬಫರ್ ತಿದ್ದುವುದನ್ನು ಪೇಂಟ್‌ಜಿಎಲ್‌ಗೆ ಬಿಡಿ. ವಿಜೆಟ್ ಅಳಿಯುವಾಗ ಓಡುವ ಡಿಸ್ಟ್ರಕ್ಟರ್‌ನಲ್ಲಿ ಮಾತ್ರ ಮೇಕ್‌ಕರೆಂಟ್ ತಪ್ಪಿಸಲಾಗದು.

ವಿಜೆಟ್ ಅನ್ನು ಡಾಕ್ ಒಳಗಿಟ್ಟು, ಬಳಸುವವರು ಅದನ್ನು ಎಳೆದು ಬೇರೆ ವಿಂಡೋ ಮಾಡಿಕೊಂಡರೆ ಹಳೆಯ ಕಾಂಟೆಕ್ಸ್ಟ್ ಸತ್ತು ಹೊಸದು ಹುಟ್ಟುತ್ತದೆ, ಇನಿಷಿಯಲೈಜ್‌ಜಿಎಲ್ ಮತ್ತೊಮ್ಮೆ ಓಡುತ್ತದೆ. ಹಳೆಯ ಬಫರ್ ಸಂಖ್ಯೆಗಳು ಹೊಸ ಕಾಂಟೆಕ್ಸ್ಟ್‌ನಲ್ಲಿ ನಡೆಯುವುದಿಲ್ಲ. ಎಎ‌ಶೇರ್‌ಓಪನ್‌ಜಿಎಲ್‌ಕಾಂಟೆಕ್ಸ್ಟ್ಸ್ ಗುರುತನ್ನು ಕ್ಯೂಅಪ್ಲಿಕೇಶನ್‌ಗಿಂತ ಮೊದಲೇ ಹಾಕಿದರೆ ಎಲ್ಲಿಗೆ ಎಳೆದರೂ ಅದೇ ಕಾಂಟೆಕ್ಸ್ಟ್ ಉಳಿಯುತ್ತದೆ.

ವೇಗದ ವಿಚಾರ. ಸೊನ್ನೆ ಮಿಲಿಸೆಕೆಂಡಿನ ಟೈಮರ್ ಕಟ್ಟಿ ಸದಾ ಬಿಡಿಸುತ್ತ ಇರುವ ಉದಾಹರಣೆಗಳು ಬೇಕಾದಷ್ಟಿವೆ. ನಿಂತ ಮಾಡಿಗೆ ಅದು ಬೇಡ. ಮೌಸ್ ಅಲುಗಿದಾಗ, ಬಣ್ಣ ಬದಲಾದಾಗ ಮಾತ್ರ ಅಪ್‌ಡೇಟ್ ಕರೆಯಿರಿ. ಒಂದೇ ಉಸಿರಿಗೆ ಹತ್ತು ಸಲ ಕರೆದರೂ ಕ್ಯೂಟಿ ಅವನ್ನು ಒಟ್ಟು ಸೇರಿಸಿ ಒಂದೇ ಸಲ ಬಿಡಿಸುತ್ತದೆ. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಲ್ಯಾಪ್‌ಟಾಪ್ ತಾನಾಗಿಯೇ ಬೆವರುತ್ತಿರುತ್ತದೆ, ಬಿಸಿ ಏರಿದ ಜಿಪಿಯು ವೇಗ ಇಳಿಸಿಕೊಳ್ಳುತ್ತದೆ. ಸ್ಯಾಂಪಲ್ ಸಂಖ್ಯೆಯೂ ಪುಕ್ಕಟೆಯಲ್ಲ: 1920 x 1080 ಗಾತ್ರಕ್ಕೆ ಬಣ್ಣಕ್ಕೇ 8.3 ಎಂಬಿ, ಡೆಪ್ತ್ ಮತ್ತು ಸ್ಟೆನ್ಸಿಲ್‌ಗೆ ಇನ್ನೂ ಅಷ್ಟೇ, ಸ್ಯಾಂಪಲ್ 4 ಎಂದರೆ ಎರಡೂ ನಾಲ್ಕು ಪಟ್ಟು, ಹತ್ತಿರಹತ್ತಿರ 66 ಎಂಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಇದೆಲ್ಲ ಸಾಮಾನ್ಯ ರ‍್ಯಾಮ್‌ನಿಂದಲೇ ಹೋಗಬೇಕು. ಅಂಥಲ್ಲಿ 2 ಸಾಕು, ಕಣ್ಣಿಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ.

ಇಷ್ಟಾದರೂ ನಿಧಾನವಾದರೆ ಜಿಪಿಯು ನಿಜಕ್ಕೂ ಕೆಲಸ ಮಾಡುತ್ತಿದೆಯೇ ನೋಡಿ. ಇನಿಷಿಯಲೈಜ್‌ಜಿಎಲ್‌ನಲ್ಲಿ ಜಿಎಲ್ ರೆಂಡರರ್ ಮತ್ತು ಆವೃತ್ತಿಯ ಸ್ಟ್ರಿಂಗ್ ಮುದ್ರಿಸಿ. ಲಿನಕ್ಸ್‌ನಲ್ಲಿ ಎಲ್‌ಎಲ್‌ವಿಎಂಪೈಪ್ ಎಂದು ಬಂದರೆ ಚಿತ್ರ ಬರುತ್ತಿರುವುದು ಸಿಪಿಯುವಿನಿಂದ. ವಿಂಡೋಸ್‌ನಲ್ಲಿ ಜಿಡಿಐ ಜೆನೆರಿಕ್ ಎಂದರೆ ಸಿಕ್ಕಿರುವುದು ಆವೃತ್ತಿ 1.1, ನಿಮ್ಮ 3.3ರ ಶೇಡರ್ ಅಲ್ಲಿ ಓಡುವುದೇ ಇಲ್ಲ; ಗ್ರಾಫಿಕ್ಸ್ ಡ್ರೈವರ್ ಹಾಕಿಲ್ಲ, ಇಲ್ಲವೇ ರಿಮೋಟ್ ಡೆಸ್ಕ್‌ಟಾಪ್ ಅಥವಾ ವರ್ಚುವಲ್ ಮೆಷಿನ್ ಮೂಲಕ ಓಡಿಸುತ್ತಿದ್ದೀರಿ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎರಡು ಜಿಪಿಯು ಇದ್ದು ಮೆಸಾ ಡ್ರೈವರ್ ಇದ್ದರೆ, ಡಿಆರ್‌ಐ ಪ್ರೈಮ್ ಎಂಬ ಪರಿಸರ ಚರಕ್ಕೆ 1 ಕೊಟ್ಟು ಓಡಿಸಿದರೆ ದೊಡ್ಡದು ಎಚ್ಚರವಾಗುತ್ತದೆ.

ಮ್ಯಾಕ್‌ನಲ್ಲಿ ಓಪನ್‌ಜಿಎಲ್ 4.1ಕ್ಕೇ ನಿಂತಿದೆ, 2018ರಿಂದ ಆ್ಯಪಲ್ ಅದನ್ನು ಹಳತೆಂದು ಬದಿಗಿಟ್ಟಿದೆ. 3.3 ಕೇಳಿದ ಈ ಮಾಡು ಅಲ್ಲೂ ನಿಲ್ಲುತ್ತದೆ. ಮ್ಯಾಕ್ ಗಿರಾಕಿಗಳೇ ಹೆಚ್ಚಿದ್ದು ಹೊಸದಾಗಿ ಶುರು ಮಾಡುವುದಾದರೆ, ಕ್ಯೂಟಿ 6.7ರಲ್ಲಿ ಬಂದ ಕ್ಯೂಆರ್‌ಎಚ್‌ಐವಿಜೆಟ್ ನೋಡಿ. ಅದು ಓಪನ್‌ಜಿಎಲ್‌ನಂಥವೇ ಆದ ಮೆಟಲ್, ವಲ್ಕನ್, ಡೈರೆಕ್ಟ್‌ತ್ರೀಡಿ ಮೂರರ ಮೇಲೂ ಓಡುತ್ತದೆ. ಆದರೆ ಶೇಡರ್‌ಗಳನ್ನು ವಲ್ಕನ್ ಶೈಲಿಯ ಜಿಎಲ್‌ಎಸ್‌ಎಲ್ ಎಂಬ ಶೇಡರ್ ಭಾಷೆಗೆ ತಿದ್ದಿ ಕ್ಯೂಎಸ್‌ಬಿ ಸಾಧನದಿಂದ ಮೊದಲೇ ಹದಮಾಡಿ ಇಡಬೇಕು, ಅದಕ್ಕೆ ಒಂದೆರಡು ದಿನ ಬೇರೆಯೇ ತೆಗೆದಿಡಿ.