ತಪಸ್ಸುಕಾಲದ ತರಗೆಲೆ, ಮೊಂತಿ ಹಬ್ಬದ ಹೂವು

ಕರಾವಳಿಯ ಚರ್ಚುಗಳಲ್ಲಿ ಹೂವಿನ ಗೊಬ್ಬರ ಹಾಳಾಗುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. ಆಗಸ್ಟ್ 30ಕ್ಕೆ ಮೊಂತಿ ಹಬ್ಬದ (ಮರಿಯಮ್ಮನ ಜನ್ಮದಿನದ ಹಬ್ಬ) ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ಶುರುವಾದರೆ ಒಂಬತ್ತು ದಿನವೂ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ದಾಸವಾಳ, ಡೇಲಿಯಾ, ರಥಪುಷ್ಪ, ಎಲ್ಲವೂ ಮಳೆಯಲ್ಲಿ ನೆಂದ ಹೂಗಳು. ಅಷ್ಟನ್ನೂ ಹಾಗೇ ಗುಂಡಿಗೆ ಸುರಿದರೆ ಮೂರ್ನಾಲ್ಕು ದಿನದಲ್ಲಿ ಲೋಳೆಯಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಒಳಗೆ ಗಾಳಿಯಾಡದಿರುವುದೇ ಕಾರಣ. ಅದಕ್ಕೆ ಮದ್ದು ಒಣ ತರಗೆಲೆ, ಆದರೆ ಆ ತಿಂಗಳಲ್ಲಿ ಹುಡುಕಿದರೂ ಒಣ ಎಲೆ ಸಿಗದು.

ಆದ್ದರಿಂದ ನಮ್ಮ ಕೆಲಸ ಆರಂಭವಾಗುವುದು ಆರು ತಿಂಗಳು ಮೊದಲು, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ. ಆಗ ಚರ್ಚಿನ ಬಲಿಪೀಠಕ್ಕೆ ಹೂವಿನ ಅಲಂಕಾರ ಮಾಡಬಾರದೆಂಬುದು ಪೂಜಾವಿಧಿಯ ನಿಯಮ. ನಾಲ್ಕನೇ ಭಾನುವಾರಕ್ಕೆ ಮತ್ತು ದೊಡ್ಡ ಹಬ್ಬಗಳಿಗೆ ಮಾತ್ರ ವಿನಾಯಿತಿ. ಹೂವಿಲ್ಲದ ಆ ದಿನಗಳಲ್ಲೇ ಹಲಸು, ಮಾವು, ಗೇರು ಮರಗಳ ಎಲೆ ಉದುರಿ ಅಂಗಳ ತುಂಬುತ್ತದೆ. ಗುಡಿಸಿ ಬೆಂಕಿ ಹಾಕುವ ಅಭ್ಯಾಸವನ್ನು ಮೊದಲು ಬಿಡಬೇಕು. ಹಲಸು, ಮಾವಿನ ಎಲೆ ದಪ್ಪ, ಬೇಗ ಕರಗದು; ಬಿಸಿಲಲ್ಲಿ ಗರಿಗರಿಯಾದ ಮೇಲೆ ತುಳಿದು ಪುಡಿಮಾಡಿ ಗೋಣಿಗೆ ತುಂಬಿ. ಒಂದು ಬುಟ್ಟಿ ಹೂವಿಗೆ ಎರಡು ಬುಟ್ಟಿ ಎಲೆ ಎಂಬ ಲೆಕ್ಕದಲ್ಲಿ ಹತ್ತು ಹನ್ನೆರಡು ಗೋಣಿ ಇಟ್ಟುಕೊಂಡರೆ ನೊವೆನಾಕ್ಕೆ ಧೈರ್ಯ. ಗೋಣಿಗಳನ್ನು ಸೂರಿನಡಿ ಹಲಗೆಯ ಮೇಲಿಡಿ. ನೆಲಕ್ಕೆ ತಾಗಿಸಿಟ್ಟರೆ ಜೂನ್ ಕಳೆಯುವಷ್ಟರಲ್ಲಿ ತಳ ಮುಗ್ಗಲು ಹಿಡಿಯುತ್ತದೆ. ತೆಗೆಯುವಾಗ ಚೇಳಿದೆಯೇ ಎಂದು ನೋಡಿಕೊಳ್ಳಿ.

ತೊಟ್ಟಿಗೆ ಸಿಮೆಂಟ್ ಬೇಡ. ಕೆಂಪುಕಲ್ಲುಗಳ ನಡುವೆ ಒಂದೊಂದು ಇಂಚು ಸಂದು ಬಿಟ್ಟು, ಗಾರೆಯಿಲ್ಲದೆ ಜೋಡಿಸಿದ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರದ ಎರಡು ಅಂಕಣ ಸಾಕು: ಒಂದು ತುಂಬಲು, ಇನ್ನೊಂದು ಮಗುಚಲು. ಮೇಲೆ ಶೀಟಿನ ಮಾಡು ಇರಲೇಬೇಕು, ಅದು ಸುತ್ತ ಒಂದೂವರೆ ಅಡಿ ಹೊರಚಾಚಿರಬೇಕು. ಕರಾವಳಿಯ ಮಳೆ ನೇರ ಬೀಳುವುದಿಲ್ಲ. ತಳಕ್ಕೆ ಅರ್ಧ ಅಡಿ ತೆಂಗಿನ ಸಿಪ್ಪೆ. ಆಮೇಲೆ ಎರಡು ಇಂಚು ಹೂವು, ನಾಲ್ಕು ಇಂಚು ಎಲೆ, ಒಂದು ಬೊಗಸೆ ಹಳೆಯ ಗೊಬ್ಬರ ಅಥವಾ ಒಣ ಸಗಣಿಯ ಪುಡಿ. ಕೊನೆಯ ಪದರ ಯಾವಾಗಲೂ ಎಲೆಯದ್ದೇ ಆಗಿರಲಿ, ನೊಣ ಬರುವುದಿಲ್ಲ.

ಹದ ತಿಳಿಯಲು ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ನೀರು ಧಾರೆಯಾಗಿ ಇಳಿದರೆ ಎಲೆ ಸೇರಿಸಿ, ಉದುರಿ ಹೋದರೆ ನೀರು ಚಿಮುಕಿಸಿ. ಇರುವೆ ಗೂಡು ಕಟ್ಟಿದರೆ ಒಣಗಿದೆ ಎಂದೇ ಅರ್ಥ. ಐದನೇ ದಿನ ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಬಿಸಿಗೆ ಹಿಡಿಯಲಾಗದಿದ್ದರೆ ಕೆಲಸ ನಡೆಯುತ್ತಿದೆ. ಹತ್ತನೇ ದಿನ ಪಕ್ಕದ ಅಂಕಣಕ್ಕೆ ಮಗುಚಿ, ಮುಂದೆ ವಾರಕ್ಕೊಮ್ಮೆ. ಅರುವತ್ತು ಎಪ್ಪತ್ತು ದಿನದಲ್ಲಿ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಆಗಮನಕಾಲದ ಹೊತ್ತಿಗೆ, ಜರಡಿ ಹಿಡಿಯಬಹುದು.

ಎಲ್ಲಕ್ಕಿಂತ ಬೇಸರದ ಕೆಲಸ ಬೇರ್ಪಡಿಸುವುದು. 2015ರ ‘ಲೌದಾತೊ ಸಿ’ ಎಂಬ ವಿಶ್ವಪತ್ರದ 211ನೇ ಪರಿಚ್ಛೇದದಲ್ಲಿ ಪೋಪ್ ಫ್ರಾನ್ಸಿಸ್ ಸೃಷ್ಟಿಯ ಪಾಲನೆಯ ಸಣ್ಣ ದಿನನಿತ್ಯದ ಕೆಲಸಗಳನ್ನು ಹೆಸರಿಸುವಾಗ ಕಸ ಬೇರ್ಪಡಿಸುವುದನ್ನೂ ಸೇರಿಸಿದ್ದಾರೆ. ಪದಕ್ಕೆ ಪದ ಒಪ್ಪುತ್ತೇನೆ, ಯಾಕೆಂದರೆ ಮಾಲೆಯ ನೈಲಾನ್ ದಾರ ಒಂದು ಉಳಿದರೂ ಮಗುಚುವ ಮುಳ್ಳುಗೋಲಿಗೆ ಸುತ್ತಿಕೊಳ್ಳುತ್ತದೆ. ಗುಂಡುಸೂಜಿ, ಜರಿ ಕಾಗದ, ಜರ್ಬೆರಾ ಹೂವಿನ ಪ್ಲಾಸ್ಟಿಕ್ ಬಟ್ಟಲು, ಹಸಿರು ಫೋಮ್ ಯಾವುದೂ ಒಳಗೆ ಹೋಗಬಾರದು. ಫೋಮ್ ಮಣ್ಣಲ್ಲಿ ಪುಡಿಯಾಗುತ್ತದೆ ಹೊರತು ಕರಗುವುದಿಲ್ಲ. ಅದರ ಬದಲು ಅರ್ಧ ಅಡಿಯ ಬಾಳೆದಿಂಡು ಬಳಸಿ. ಬಿದಿರು ಕಡ್ಡಿಯಿಂದ ತೂತು ಮಾಡಿ ಕಾಂಡ ಸಿಕ್ಕಿಸಿದರೆ ಎರಡು ದಿನ ಹೂ ಬಾಡದು; ರಸದ ಕಲೆ ಹೋಗದ ಕಾರಣ ಪೀಠದ ಬಟ್ಟೆಗೆ ತಾಗದಂತೆ ಕೆಳಗೆ ತಟ್ಟೆ ಇರಲಿ. ಆಮೇಲೆ ದಿಂಡನ್ನೂ ಕೊಚ್ಚಿ ತೊಟ್ಟಿಗೆ ಹಾಕಬಹುದು. ನೊವೆನಾದ ಮೂರನೇ ದಿನ ಸೆಪ್ಟೆಂಬರ್ 1, ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನ. ಅಂದಿನವರೆಗೆ ಕಾಯಬೇಡಿ. ಬಿಡಿ ಹೂವನ್ನೇ ತನ್ನಿ, ಪ್ಲಾಸ್ಟಿಕ್ ಚೀಲ ಬೇಡ ಎಂಬ ಪ್ರಕಟಣೆಯನ್ನು ಗುರ್ಕಾರರ (ಚರ್ಚಿನ ವಾರ್ಡಿನ ಮುಖಂಡರ) ಮೂಲಕ ಒಂದು ವಾರ ಮೊದಲೇ ಮನೆಮನೆಗೆ ಮುಟ್ಟಿಸಿ.

ಮೇಣ ಕೊಳೆಯುವುದಿಲ್ಲ, ಅದನ್ನು ಬೇರೆ ಡಬ್ಬಿಗೆ ಹಾಕಿ. ಕರಗಿಸುವುದಾದರೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ನೇರ ಉರಿಗಿಟ್ಟರೆ ಹೊತ್ತಿಕೊಳ್ಳುತ್ತದೆ, ಹೊತ್ತಿದ ಮೇಣಕ್ಕೆ ನೀರು ಹಾಕಿದರೆ ಸಿಡಿಯುತ್ತದೆ.

ಆಶೀರ್ವದಿಸಿದ ವಸ್ತುಗಳಿಗೆ ಬೇರೆ ದಾರಿ. ಮೊಂತಿ ಹಬ್ಬದಂದು ಆಶೀರ್ವದಿಸಿ ಕೊಟ್ಟ ಹೊಸ ತೆನೆಯ ಒಣಹುಲ್ಲು ಮನೆಯಲ್ಲಿ ಉಳಿದರೆ ಯಾರೂ ತುಳಿಯದ ಜಾಗದಲ್ಲಿ, ಗಿಡದ ಬುಡದಲ್ಲಿ ಹೂಳಿ. ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರದ ಗರಿಗಳನ್ನು, ಮುಂದಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಬೂದಿಗಾಗಿ ಎತ್ತಿಡಿ. ಹಳೆಯ ತೀರ್ಥ ಚರಂಡಿಗೆ ಬೇಡ, ಮಣ್ಣಿಗೆ ಸುರಿಯಿರಿ.

ಮಾರುಕಟ್ಟೆಯ ಸೇವಂತಿಗೆ, ಗುಲಾಬಿಗೆ ಔಷಧಿ ಹೊಡೆದಿರುತ್ತಾರೆ. ಅವು ಹೆಚ್ಚಿರುವ ಮದುವೆ, ಕ್ರಿಸ್‌ಮಸ್ ರಾಶಿಯ ಗೊಬ್ಬರವನ್ನು ಬಸಳೆಗೂ ಬೆಂಡೆಗೂ ಕೊಡುವುದಿಲ್ಲ, ಕ್ರೋಟನ್ ಮತ್ತು ಹೂಗಿಡಗಳಿಗೆ ಹಾಕುತ್ತೇವೆ. ಮೊಂತಿ ಹಬ್ಬದ ರಾಶಿ ಮನೆಯಂಗಳದ ಹೂವಿನದು. ಅದು ತರಕಾರಿಗೆ, ಬುಡಕ್ಕೆ ಎರಡು ಬೊಗಸೆಯಂತೆ.