ನಮ್ಮ ಹಳೇ ಮಾರುತಿ 800ಕ್ಕೆ ಅಗಲ ಚಕ್ರ, ಮಡ್‌ಗಾರ್ಡಿಗೆ ಅಡಿಕೆ ಹಾಳೆಯ ಅಚ್ಚು

ಚಕ್ರ ಹಾಕಲು ಹಿಡಿದದ್ದು ಮುಕ್ಕಾಲು ಗಂಟೆ. ಆ ಚಕ್ರಕ್ಕೆ ಜಾಗ ಮಾಡಲು ಏಳು ತಿಂಗಳು. ಮೊದಲೇ ಯಾರಾದರೂ ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

ಕಾರು 1998ರ ಮಾರುತಿ 800. ಬಿಳಿ ಬಣ್ಣ, ಕೆಎ-14 ನಂಬರು, ಮೂರು ಸಿಲಿಂಡರಿನ 796 ಸಿಸಿ ಇಂಜಿನ್, ಕಾರ್ಬೊರೇಟರ್. ಅಡಿಕೆಗೆ ಒಳ್ಳೆ ರೇಟು ಸಿಕ್ಕಿದ ವರ್ಷ ಅಪ್ಪಯ್ಯ ತಗೊಂಡಿದ್ದು. ತೀರ್ಥಹಳ್ಳಿಯಿಂದ ಒಳಗೆ ನಮ್ಮ ಮನೆ. ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಆ ರಸ್ತೆಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಓಡಿದೆ. ಮನೆಗೆ ಬೇರೆ ಕಾರು ಬಂದಮೇಲೆ ಇದು ಕೊಟ್ಟಿಗೆ ಪಕ್ಕದ ಶೆಡ್ಡು ಸೇರಿತು. ಒಂದು ಕೋಳಿ ಹಿಂದಿನ ಸೀಟನ್ನೇ ತನ್ನದು ಮಾಡಿಕೊಂಡು ಮೊಟ್ಟೆ ಇಡುತ್ತಿತ್ತು. ಗುಜರಿಗೆ ಕೊಡೋಣ ಎಂಬ ಮಾತು ಬಂದಾಗಲೇ ನನಗೆ ಹಠ ಹುಟ್ಟಿದ್ದು.

ಮೊದಲು ಮಾಡಿದ ಕೆಲಸ ತುಕ್ಕು ಹುಡುಕಿದ್ದು. ಇದು ಬೇಜಾರಿನ ಕೆಲಸ, ಆದರೆ ಮಲೆನಾಡಿನ ಕಾರಿಗೆ ಇದನ್ನು ಬಿಟ್ಟು ಮುಂದೆ ಹೋದರೆ ಎಲ್ಲವೂ ದಂಡ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಟಿಂಕರಿಂಗ್ ಮಾಡುವ ಒಬ್ಬ ಚಾಚಾ ಇದ್ದಾರೆ. ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಚಕ್ರದ ಕಮಾನಿನ ಒಳಗೆ ಸುಮ್ನೆ ಒತ್ತಿದರು. ಅದು ಹಪ್ಪಳದ ಹಾಗೆ ಒಳಗೆ ಹೋಯಿತು. "ಗೌಡ್ರೇ, ಇದು ಮೇಲೆ ನಾಲ್ಕಾಣೆಯಷ್ಟು ಕಂಡ್ರೆ ಒಳಗೆ ರೊಟ್ಟಿಯಷ್ಟು ಇರುತ್ತೆ" ಅಂದರು. ಸರಿಯಾಗಿಯೇ ಹೇಳಿದ್ದರು. ಎರಡೂ ಹಿಂದಿನ ಕಮಾನು, ಡ್ರೈವರ್ ಕಾಲ ಕೆಳಗಿನ ತಳ, ಬ್ಯಾಟರಿ ಕೂರುವ ಜಾಗ, ಎಲ್ಲಾ ಹೋಗಿತ್ತು. ಕೊಳೆತದ್ದನ್ನು ಕತ್ತರಿಸಿ 20 ಗೇಜಿನ ತಗಡು ಕೂರಿಸಿದೆವು. ಗ್ಯಾಸ್ ವೆಲ್ಡಿಂಗ್ ಬೇಡ, ತೆಳು ತಗಡು ಕಾದು ಸುಕ್ಕಾಗುತ್ತೆ ಎಂದು ಸಿಓಟೂ ವೆಲ್ಡಿಂಗ್ ಮಾಡಿಸಿದರು. ಅದೂ ಒಂದೇ ಗೆರೆ ಎಳೆಯದೆ, ಇಲ್ಲೊಂದು ಚುಕ್ಕಿ ಅಲ್ಲೊಂದು ಚುಕ್ಕಿ. ಮಧ್ಯೆ ಮಧ್ಯೆ ಒದ್ದೆ ಬಟ್ಟೆ.

ಇನ್ನು ಚಕ್ರ. ನನ್ನ ಮೊದಲ ಪೆದ್ದುತನ ಇಲ್ಲೇ. ಸ್ನೇಹಿತನೊಬ್ಬ ಸ್ವಿಫ್ಟ್ ಕಾರಿನ ಹಳೇ ಅಲಾಯ್ ಚಕ್ರ ಕೊಟ್ಟ. ನಾಲ್ಕು ನಟ್ಟು ಅದಕ್ಕೂ ಇದೆ, ಇದಕ್ಕೂ ಇದೆ ಎಂದು ಕುಷಿಯಲ್ಲಿ ಹೊತ್ತುಕೊಂಡು ಬಂದೆ. ಕೂರಲೇ ಇಲ್ಲ. ಸ್ವಿಫ್ಟಿನ ನಾಲ್ಕು ತೂತು 100 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿವೆ, 800ರದ್ದು 114.3ರ ಮೇಲೆ. ಹಬ್ಬು, ಅಂದರೆ ಚಕ್ರ ಕೂರುವ ನಡುಭಾಗ, ಬದಲಾಯಿಸದೆ ಆಗುವ ಕೆಲಸವಲ್ಲ. ಎರಡನೇ ಪೆದ್ದುತನ, ಕಬ್ಬಿಣದ ರಿಮ್ಮನ್ನೇ ಸೀಳಿ ಮಧ್ಯೆ ಪಟ್ಟಿ ಸೇರಿಸಿ ಅಗಲ ಮಾಡಿಕೊಡುತ್ತೇನೆ ಅಂದ ಒಬ್ಬರಿಗೆ ಒಂದು ರಿಮ್ಮು ಕೊಟ್ಟಿದ್ದು. ವಾಪಸ್ ಬಂದದ್ದು ನೋಡಲು ಚೆನ್ನಾಗಿತ್ತು. ಗಾಳಿ ತುಂಬಿಸಿ ಸೋಪಿನ ನೀರು ಹಚ್ಚಿದರೆ ವೆಲ್ಡಿಂಗ್ ಉದ್ದಕ್ಕೂ ಗುಳ್ಳೆ. ತಿರುಗಿಸಿದರೆ ಕುಂಬಾರನ ಚಕ್ರಕ್ಕೆ ಪೆಟ್ಟು ಬಿದ್ದ ಹಾಗೆ ಓಲಾಟ. ಈಗ ಅದು ನಮ್ಮ ಬಚ್ಚಲ ಹಂಡೆಯ ಕೆಳಗಿದೆ.

ಕೊನೆಗೆ ಸಿಕ್ಕಿದ್ದು 114.3ರದ್ದೇ ತೂತಿರುವ, 13 ಇಂಚಿನ, ಐದೂವರೆ ಇಂಚು ಅಗಲದ ಹಳೇ ಅಲಾಯ್. ಕಂಪನಿಯದ್ದು 12 ಇಂಚು, ನಾಲ್ಕೇ ಇಂಚು ಅಗಲ. ಟೈರು ಕೊಳ್ಳುವ ಮೊದಲು ಲೆಕ್ಕ ಹಾಕಿದೆ. ಕಂಪನಿ ಟೈರು 145/70 ಆರ್ 12. ಅಗಲ 145 ಮಿ.ಮೀ., ಅದರ 70 ಪರ್ಸೆಂಟ್ ಅಂದರೆ 101.5 ಮಿ.ಮೀ. ಟೈರಿನ ಗೋಡೆ. ಮೇಲೆ ಒಂದು ಕೆಳಗೆ ಒಂದು ಸೇರಿ 203. ಅದಕ್ಕೆ 12 ಇಂಚು, ಅಂದರೆ 305 ಕೂಡಿಸಿದರೆ ಪೂರ್ತಿ ಎತ್ತರ 508. ನಾನು ಹಾಕಿದ್ದು 175/60 ಆರ್ 13. ಅದರ ಎತ್ತರ 540. ಮೂವತ್ತೆರಡು ಮಿಲಿಮೀಟರ್ ಎತ್ತರ, ಮೂವತ್ತು ಮಿಲಿಮೀಟರ್ ಅಗಲ ಜಾಸ್ತಿ. ಸ್ಪೀಡೋಮೀಟರ್ 60 ತೋರಿಸುವಾಗ ಕಾರು ನಿಜಕ್ಕೂ 64ರ ಹತ್ತಿರ ಓಡುತ್ತಿರುತ್ತದೆ. 796 ಸಿಸಿಗೆ ಈ ಎತ್ತರವೇ ಭಾರ. ಇನ್ನೂ ದೊಡ್ಡದು ಬೇಕು ಅನ್ನುವವರು ಇಂಜಿನ್ ಬದಲಾಯಿಸುವ ಯೋಚನೆಯನ್ನೂ ಮಾಡಿಕೊಳ್ಳಿ.

ಚಕ್ರ ಹಾಕಿ ನಿಲ್ಲಿಸಿದರೆ ನಾಲ್ಕೂ ಕಡೆ ಟೈರು ಬಾಡಿಯಿಂದ ಎರಡು ಬೆರಳು ಹೊರಗೆ. ಅಪ್ಪಯ್ಯ ಜಗಲಿಯಿಂದಲೇ ನೋಡಿ, "ಇದೇನೋ ಮಾರಾಯ, ಕಪ್ಪೆ ಕಾಲು ಅಗಲಿಸಿ ಕೂತ ಹಾಗಿದೆ" ಅಂದರು. ಮಣ್ಣು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಕೆಂಪು ಕೆಸರು ಬಾಗಿಲು, ಕನ್ನಡಿ, ತೆರೆದಿದ್ದ ಕಿಟಕಿಯಿಂದ ನನ್ನ ಕಿವಿಯವರೆಗೆ ಎರಚಿತ್ತು. ಅಂದರೆ ಕಮಾನಿನ ಮೇಲೆ ಹೊರಚಾಚಿದ ಮಡ್‌ಗಾರ್ಡ್ ಬೇಕೇ ಬೇಕು. ಅದನ್ನು ಫೈಬರಿನಲ್ಲಿ ನಾನೇ ಮಾಡುತ್ತೇನೆ ಎಂದು ಹೊರಟೆ.

ಆಕಾರ ಕೊಡಲು ಮೊದಲು ತಂದಿದ್ದು ಥರ್ಮೋಕೋಲ್. ಕೊರೆದೆ, ಉಜ್ಜಿದೆ, ಎರಡು ದಿನ ಕೂತು ಚಂದದ ಕಮಾನು ಮಾಡಿದೆ. ಅದರ ಮೇಲೆ ರೆಸಿನ್, ಅಂದರೆ ಒಣಗಿ ಫೈಬರನ್ನು ಗಟ್ಟಿ ಮಾಡುವ ಅಂಟು, ಹಚ್ಚಿದ ಕೂಡಲೇ ಚುಯ್ ಎಂದು ಕರಗಿ, ನೋಡನೋಡುತ್ತಾ ಅಂಟು ಅಂಟಾದ ಗುಳಿಯಾಯಿತು. ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ತಿಂದು ಹಾಕುತ್ತದೆ. ಎರಡು ದಿನದ ಕೆಲಸ ಹೋಗಲು ಎರಡು ನಿಮಿಷ ಸಾಕಾಯಿತು.

ಆವತ್ತು ತೋಟದ ಕೆಲಸಕ್ಕೆ ಬಂದಿದ್ದ ಹಿರಿಯಣ್ಣ ಒಬ್ಬರು ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡು ಗೊಬ್ಬರ ಹೊರುತ್ತಿದ್ದರು. ನನ್ನ ಅವಸ್ಥೆ ನೋಡಿ ನಕ್ಕು, "ಹಾಳೆ ನೆನೆಸಿ ನೋಡಿ. ಹೇಳಿದ ಹಾಗೆ ಕೇಳ್ತದೆ" ಅಂದರು. ಬುಡದಲ್ಲೇ ಇದ್ದ ವಸ್ತು. ನಾನು ಶಿವಮೊಗ್ಗದಿಂದ ಥರ್ಮೋಕೋಲ್ ಹೊತ್ತು ತಂದಿದ್ದೆ!

ಉದ್ದನೆಯ ಒಳ್ಳೆ ಹಾಳೆ ಆರಿಸಿ ರಾತ್ರಿಯಿಡೀ ನೀರಲ್ಲಿ ಹಾಕಿದೆ. ಬೆಳಿಗ್ಗೆ ಮೆತ್ತಗಾಗಿತ್ತು. ಒಂದು ಕಮಾನಿಗೆ ಎರಡು ಹಾಳೆ. ಒಳಗಿನಿಂದ ತೆಳು ದಬ್ಬೆ ಬಗ್ಗಿಸಿ ಆಧಾರ ಕೊಟ್ಟು, ಮೇಲೆ ಹಾಳೆ ಎಳೆದು, ಬಟ್ಟೆ ಕ್ಲಿಪ್ಪು ಮತ್ತು ಟೇಪಿನಿಂದ ಬಿಗಿದೆ. ಹಾಳೆಗೆ ಹುಟ್ಟಿನಿಂದಲೇ ಒಂದು ಬಾಗು ಇದೆಯಲ್ಲ, ಅದನ್ನು ಹೊರಗೆ ಮಾಡಿದರೆ ಟೈರಿನ ಮೇಲೆ ಹುಬ್ಬಿನ ಹಾಗೆ ಕೂರುತ್ತದೆ. ನಾಲ್ಕು ದಿನ ಬಿಸಿಲಿಗೆ ಬಿಟ್ಟೆ. ಒಣಗಿದ ಮೇಲೆ ತೆಗೆದರೂ ಆಕಾರ ಹೋಗಲಿಲ್ಲ. ಮೇಲೆಲ್ಲ ಪಾರ್ಸೆಲ್ಲಿಗೆ ಸುತ್ತುವ ಕಂದು ಟೇಪು ಅಂಟಿಸಿದೆ. ಆ ಟೇಪಿಗೆ ರೆಸಿನ್ ಹಿಡಿಯುವುದಿಲ್ಲ, ಒಣಗಿದ ಮೇಲೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ಒಂದು ತೊಂದರೆ ಮಾತ್ರ ತಲೆ ತಿಂದಿತು. ಎಡಗಡೆ ಅಚ್ಚು ಬಲಗಡೆಗೆ ಬರುವುದಿಲ್ಲ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಬೇಕು. ಹಾಗಾಗಿ ಎಡಗಡೆಯದ್ದರ ಮೇಲೆ ಹಳೇ ಪೇಪರ್ ಒತ್ತಿ ಅಂಚು ಗುರುತಿಸಿ, ಪೇಪರನ್ನು ಮಗುಚಿ ಬಲಗಡೆಗೆ ಇಟ್ಟು ಹಾಳೆ ಕತ್ತರಿಸಿದೆ.

ರೆಸಿನ್ ಕೆಲಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ತಪ್ಪಿದರೆ ಮೈಕೈ ಸುಡುತ್ತದೆ. ಅಂಗಡಿಯಲ್ಲಿ ಮೂರು ಡಬ್ಬಿ ಕೊಡುತ್ತಾರೆ: ರೆಸಿನ್, ನೇರಳೆ ಬಣ್ಣದ ಕೋಬಾಲ್ಟ್, ರೆಸಿನ್ ಗಟ್ಟಿಯಾಗಲು ಹಾಕುವ, ನೀರಿನಂತಿರುವ ಕ್ಯಾಟಲಿಸ್ಟ್. ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಬೇಕು. ಕ್ಯಾಟಲಿಸ್ಟ್ ಹಾಕುವುದು ಬ್ರಶ್ ಕೈಗೆ ತಗೊಂಡ ಮೇಲೆ. ನಾನು ಒಂದು ಸಲಕ್ಕೆ ಕಾಲು ಕಿಲೋಗಿಂತ ಜಾಸ್ತಿ ಕಲಸುತ್ತಿರಲಿಲ್ಲ. ಅದಕ್ಕೆ ನಾಲ್ಕು ಮಿ.ಲೀ. ಕ್ಯಾಟಲಿಸ್ಟ್, ಅಂದರೆ ಸುಮಾರು ಒಂದೂವರೆ ಪರ್ಸೆಂಟ್. ಅಳತೆಗೆ ದನಕ್ಕೆ ಇಂಜೆಕ್ಷನ್ ಕೊಡಲು ತಂದಿಟ್ಟಿದ್ದ ಹೊಸ ಸಿರಿಂಜು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದು ಗಟ್ಟಿ ಮೊಸರಾಗುತ್ತದೆ, ಅಷ್ಟರೊಳಗೆ ಮುಗಿಸಬೇಕು. ಒಂದು ಸಲ ಫೋನ್ ಬಂತೆಂದು ಹೋದೆ. ಬರುವಷ್ಟರಲ್ಲಿ ಡಬ್ಬಿ ಹೊಗೆಯಾಡುತ್ತಿತ್ತು.

450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ) ಗಾಜಿನ ನಾರಿನ ಚಾಪೆ ಮೂರು ಪದರ ಹಾಕಿದರೆ ಸುಮಾರು ಮೂರು ಮಿ.ಮೀ. ದಪ್ಪ ಬರುತ್ತದೆ. ಬ್ರಶ್ಶನ್ನು ಎಳೆಯಬಾರದು, ಕುಟ್ಟಬೇಕು. ಎಳೆದರೆ ಚಾಪೆ ಕಿತ್ತು ಬರುತ್ತದೆ. ಬೆಳ್ಳಗೆ ಕಂಡಲ್ಲಿ ಗಾಳಿ ಇದೆ ಎಂದು ಅರ್ಥ. ಗ್ಲೌಸು, ಮಾಸ್ಕು, ಉದ್ದ ತೋಳಿನ ಅಂಗಿ ಬೇಕು. ಅರ್ಧ ತೋಳಿನಲ್ಲಿ ಉಜ್ಜಲು ಕೂತ ದಿನ ಭತ್ತದ ಸುಂಕು ತಾಗಿದ ಹಾಗೆ ರಾತ್ರಿಯಿಡೀ ಕೆರೆದುಕೊಂಡೆ.

ಮೊದಲ ಎರಡು ಮೇ ತಿಂಗಳಲ್ಲಿ ಮಾಡಿದೆ, ಗಂಟೆಯೊಳಗೆ ಕಲ್ಲಾದವು. ಮೂರನೆಯದಕ್ಕೆ ಜೂನ್ ಬಂತು. ನಮ್ಮ ಕಡೆ ಜೂನ್ ಅಂದರೆ ಗೊತ್ತಲ್ಲ, ಗೋಡೆಯೂ ಬೆವರುತ್ತದೆ. ಚಾಪೆ ಥಂಡಿ ಹೀರಿಕೊಂಡಿತ್ತು. ಮೂರು ದಿನವಾದರೂ ಮೇಲ್ಮೈ ಹಲಸಿನ ಮೇಣದ ಹಾಗೆ ಅಂಟಂಟು, ಬಣ್ಣ ಹಾಲು ಹಾಲು. ಅದನ್ನು ಎಸೆದೆ. ಮಳೆಗಾಲ ಪೂರ್ತಿ ಕೆಲಸ ನಿಂತಿತು. ಆಮೇಲೆ ಅಡಿಕೆ ಕೊನೆ ಕೊಯ್ಲು. ಉಳಿದೆರಡು ಆದದ್ದು ಡಿಸೆಂಬರಿನಲ್ಲಿ. ಏಳು ತಿಂಗಳ ಲೆಕ್ಕ ಇಷ್ಟೇ.

ಅಚ್ಚಿನ ಮೇಲ್ಗಡೆ ಪದರ ಹಾಕಿದ್ದರಿಂದ ಹೊರಮೈ ಒರಟು. ಪುಟ್ಟಿ ಹಚ್ಚು, 80 ನಂಬರ್ ಪೇಪರ್, ಮತ್ತೆ ಪುಟ್ಟಿ, 120, 320, ಪ್ರೈಮರ್, 600. ಇದರ ಬಗ್ಗೆ ಬರೆಯಲು ಏನೂ ಇಲ್ಲ, ತೋಳು ನೋಯುತ್ತದೆ ಅಷ್ಟೇ.

ಕಾರಿನ ಕಮಾನನ್ನು ನಾನು ಹೊರಗಿನಿಂದ ಕೊಯ್ಯಲಿಲ್ಲ. ಒಳಗಿನ ತುಟಿಯನ್ನು ಮಾತ್ರ, ಬಣ್ಣ ಸಿಡಿಯದಂತೆ ಬಿಸಿಗಾಳಿ ಕೊಟ್ಟು, ಮೆಲ್ಲಗೆ ಮೇಲಕ್ಕೆ ಮಡಿಸಿದೆ. ಮಡ್‌ಗಾರ್ಡ್ ಒಂದೊಂದಕ್ಕೆ ಏಳು ಬೋಲ್ಟು, ಮಧ್ಯೆ ರಬ್ಬರ್ ಬೀಡಿಂಗ್. ಬೀಡಿಂಗ್ ಇಲ್ಲದಿದ್ದರೆ ನೀರು ನಿಂತು ಮತ್ತೆ ತುಕ್ಕು ಶುರು.

ಅಲೈನ್‌ಮೆಂಟಿಗೆಂದು ಶಿವಮೊಗ್ಗಕ್ಕೆ ಹೊರಟ ದಿನ ಸಕ್ರೆಬೈಲಿನ ಹತ್ತಿರ ಸ್ಟೇರಿಂಗ್ ನಡುಗಲು ಹಿಡಿಯಿತು. ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಕಾರಣ, ಅಲಾಯಿನ ನಡುತೂತು ನಮ್ಮ ಹಬ್ಬಿಗಿಂತ ದೊಡ್ಡದು. ಚಕ್ರ ನಟ್ಟಿನ ಮೇಲೆ ಮಾತ್ರ ನಿಂತಿತ್ತು, ಕೂದಲೆಳೆಯಷ್ಟು ಪಕ್ಕಕ್ಕೆ. ಭದ್ರಾವತಿಯ ಲೇತಿನಲ್ಲಿ ನಾಲ್ಕು ಅಲ್ಯುಮಿನಿಯಂ ರಿಂಗು ಕಡೆಸಿ ಹಾಕಿದೆ, ನಡುಕ ನಿಂತಿತು. ಅಲ್ಲೇ ಹಬ್ಬಿಗೂ ಚಕ್ರಕ್ಕೂ ಮಧ್ಯೆ ಇಡುವ ಹತ್ತು ಮಿ.ಮೀ. ದಪ್ಪದ ಸ್ಪೇಸರ್ ಕೂಡ ಮಾಡಿಸಿದ್ದೆ, ಇನ್ನೂ ಹೊರಗೆ ಬರಲಿ ಎಂದು. ಹಾಕಿ ನೋಡಿದರೆ ನಟ್ಟು ಹಿಡಿದದ್ದು ನಾಲ್ಕೇ ಸುತ್ತು. ತೆಗೆದು ಎಸೆದೆ. ನಟ್ಟನ್ನು ಕೈಯಲ್ಲೇ ತಿರುಗಿಸಿ ಸುತ್ತು ಎಣಿಸುವ ಅಭ್ಯಾಸ ಆವತ್ತಿನದು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಬಂತು, ಆರು ತಿಂಗಳವರೆಗೆ ಜೈಲೂ ಆಗಬಹುದು. ಸಕ್ರೆಬೈಲಿನ ಆ ಪ್ರಯಾಣವೂ ತಪ್ಪೇ, ಒಪ್ಪುತ್ತೇನೆ. ಈಗ ಪೇಟೆಗೆ ಹೋಗುವುದಿದ್ದರೆ ಮಡ್‌ಗಾರ್ಡ್ ಬಿಚ್ಚಿ ಹಳೇ 12 ಇಂಚಿನ ಚಕ್ರವನ್ನೇ ಹಾಕುತ್ತೇನೆ. ಅಗಲ ಚಕ್ರ ನಮ್ಮ ತೋಟದ ದಾರಿಗೆ, ಗದ್ದೆ ಬಯಲಿಗೆ.

ಓಡಿಸಲು ಹೇಗಿದೆ? ಬೇಸಿಗೆಯಲ್ಲಿ ಗಟ್ಟಿ ನೆಲದ ಮೇಲೆ ತಿರುವಿಗೆ ಬಿಗಿಯಾಗಿ ನಿಲ್ಲುತ್ತದೆ, ಮಜಾ ಇದೆ. ಪವರ್ ಸ್ಟೇರಿಂಗ್ ಇಲ್ಲದ ಕಾರು, ನಿಂತಲ್ಲಿ ತಿರುಗಿಸಲು ಭುಜ ಬೇಕು. ಪೂರ್ತಿ ತಿರುಗಿಸಿದರೆ ಮುಂದಿನ ಬಲ ಟೈರು ಒಳಗಿನ ತಗಡಿಗೆ ಇನ್ನೂ ಸ್ವಲ್ಪ ಉಜ್ಜುತ್ತದೆ. ಮಳೆಗಾಲಕ್ಕಂತೂ ಇದು ಬೇಡವೇ ಬೇಡ. ತೆಳು ಟೈರು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲದ್ದು ಕೆಸರ ಮೇಲೆ ತೇಲುತ್ತದೆ, ಹಗುರ ಕಾರಾದರೆ ಇನ್ನೂ ಜಾಸ್ತಿ. ಜುಲೈಯಲ್ಲಿ ನಮ್ಮ ಏರಿನಲ್ಲಿ ಹಳೇ ಟೈರಿನ 800 ಗುರ್ ಎನ್ನುತ್ತಾ ಹತ್ತಿದ ಕಡೆ, ಇದನ್ನು ಟಿಲ್ಲರಿನಿಂದ ಎಳೆಸಬೇಕಾಯಿತು. ಅಪ್ಪಯ್ಯ ಛತ್ರಿ ಹಿಡಿದು ನೋಡುತ್ತಾ ನಿಂತಿದ್ದರು. ಏನೂ ಹೇಳಲಿಲ್ಲ.

ಹಿಂದಿನ ಎಡಗಡೆ ಮಡ್‌ಗಾರ್ಡ್ ಬಾಗಿಲ ಹತ್ತಿರ ಮೂರು ಮಿಲಿಮೀಟರ್ ಎದ್ದಿದೆ. ಬೇರೆ ಯಾರಿಗೂ ಕಾಣುವುದಿಲ್ಲ, ನನಗೆ ಅದು ಬಿಟ್ಟು ಬೇರೇನೂ ಕಾಣುವುದಿಲ್ಲ. ನಾಲ್ಕು ಒಳ್ಳೆ ಹಾಳೆ ಅಟ್ಟದ ಮೇಲೆ ಇಟ್ಟಿದ್ದೇನೆ. ಊಟದ ತಟ್ಟೆ ಮಾಡಲು ಕೊಡಬೇಡಿ ಎಂದು ಅಮ್ಮನಿಗೆ ಹೇಳಿದ್ದೂ ಆಗಿದೆ.