ಕ್ಲೇಮ್ ಜಗಳದ ಮಧ್ಯೆ ಕಾದಂಬರಿ ಬರೆಯೋದು ಮತ್ತೆ ಶುರುವಾಗಿದ್ದು

ಪಿತ್ತಕೋಶದ ಆಪರೇಷನ್ ಆಯ್ತು, ಆದ್ರೆ ಇನ್ಶೂರೆನ್ಸ್‌ನೋರು ಮುಂಚೆನೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ರಿಜೆಕ್ಟ್ ಮಾಡಿದ್ರು. ಬರೆಯೋಕೆ ಕೂತ್ರೆ ಕಾಲ್ ಬರುತ್ತೆ, ಕೊಟ್ಟ ಪೇಪರ್‌ನೇ ಮತ್ತೆ ಕೇಳ್ತಾರೆ, ಫೋನ್ ಇಟ್ಟ ಮೇಲೆ ಪಾತ್ರಗಳ ಒಂದು ಮಾತೂ ತಲೆಗೆ ಬರ್ತಿರಲಿಲ್ಲ. ಹೊಟ್ಟೆ ನೋವಿಗಿಂತ ಇದೇ ನನ್ನ ಜಾಸ್ತಿ ಸುಸ್ತು ಮಾಡಿದ್ದು.

ಆಮೇಲೆ ಫೋನಲ್ಲಿ ಮಾತಾಡೋದೇ ನಿಲ್ಲಿಸಿ ಎಲ್ಲಾ ಈಮೇಲ್‌ಗೆ ತಂದೆ. ಪಾಲಿಸಿಯ ಯಾವ ಕಂಡಿಷನ್ ಪ್ರಕಾರ ರಿಜೆಕ್ಟ್ ಅಂತ ಬರೆದು ಕೊಡಿ ಅಂದೆ, ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐನ 2024ರ ಸರ್ಕ್ಯುಲರ್ ಪ್ರಕಾರ ಅದನ್ನ ಕೊಡ್ಲೇಬೇಕು. ಇನ್ನೊಂದು ಮುಖ್ಯ ವಿಷ್ಯ, ಪಾಲಿಸಿ ಸತತ 60 ತಿಂಗಳು ನಡೆದಿದ್ರೆ ಮೋಸ ಸಾಬೀತಾಗದ ಹೊರತು ಮುಚ್ಚಿಟ್ಟಿದ್ರಿ ಅಂತ ತಳ್ಳೋ ಹಾಗಿಲ್ಲ, ನಂದು ಅದಕ್ಕಿಂತ ಹಳೇ ಪಾಲಿಸಿ. ಇದನ್ನೇ ಬರೆದು ಕಂಪನಿಯ ದೂರು ವಿಭಾಗ ಗ್ರೀವೆನ್ಸ್ ಸೆಲ್‌ಗೂ ಐಆರ್‌ಡಿಎಐಯ ದೂರಿನ ವೆಬ್‌ಸೈಟ್ ಬಿಮಾ ಭರೋಸಾ ಪೋರ್ಟಲ್‌ಗೂ ಹಾಕ್ದೆ, ದುಡ್ಡು ಬಂತು. ಬರದಿದ್ರೆ ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದ ಮೇಲೆ ಇಂಥ ಜಗಳ ಬಗೆಹರಿಸೋ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಹತ್ರ ಹೋಗಬಹುದು, ಬೆಂಗಳೂರಲ್ಲೇ ಆಫೀಸಿದೆ, ಫೀಸಿಲ್ಲ, ವಕೀಲರೂ ಬೇಡ.

ಬರವಣಿಗೆಗೆ ಬೆಳಗ್ಗೆ ಹೊತ್ತು ಪೂರ್ತಿ ಎತ್ತಿಟ್ಟೆ, ಫೋನ್ ಬೇರೆ ರೂಮಲ್ಲಿ, ಕ್ಲೇಮ್ ಮೇಲ್ ಊಟ ಆದ್ಮೇಲಷ್ಟೇ. ಜೋರು ಸಿಟ್ಟು ಬಂದ ದಿನಾನೂ ಈ ಟೈಮ್ ಬದಲಾಯಿಸಲಿಲ್ಲ, ನಿಂತಿದ್ದ ಅಧ್ಯಾಯ ಮುಗೀತು. ಯಾರಾದ್ರೂ ಇದೇ ಪಾಡಲ್ಲಿದ್ರೆ ಮೊದ್ಲು ರಿಜೆಕ್ಷನ್ ಲೆಟರ್ ಬರವಣಿಗೆಯಲ್ಲಿ ತಗೊಳ್ಳಿ.